ಕಾವಲು ಹಕ್ಕಿ ಮತ್ತು ನನ್ನ ಗೀಟುಗಳು

ಬೆಳಿಗ್ಗೆ ಆರೂವರೆ. ಹಿತ್ತಿಲ ಹಲಸಿನ ಮರದಡಿ ಏಳು ಹರಟೆಮಲ್ಲಗಳು ತರಗೆಲೆ ಮಗುಚುತ್ತಿವೆ. ಎಂಟನೆಯದು ನುಗ್ಗೆಯ ತುದಿಕೊಂಬೆಯಲ್ಲಿ ಒಂಟಿ. ಏನೂ ತಿನ್ನದೆ ಆಚೀಚೆ ಕತ್ತು ತಿರುಗಿಸುತ್ತಿದೆ. ಕಾವಲಿನ ಸರದಿ ಅದರದು. ತುಸು ಹೊತ್ತಿಗೆ ಇನ್ನೊಂದು ಹಾರಿ ಬಂದು ಕೂರುತ್ತದೆ, ಮೊದಲಿನದು ಹುಳ ಹುಡುಕಲು ಕೆಳಗಿಳಿಯುತ್ತದೆ.

ಕತ್ತು ತಿರುಗಿದಾಗಲೆಲ್ಲ ನಾನೊಂದು ಗೀಟು ಎಳೆಯುತ್ತಿದ್ದೆ. ಏಳೂವರೆಯ ಹೊತ್ತಿಗೆ ಗೀಟುಗಳು ವಿರಳವಾದವು. ‘ಬಿಸಿಲೇರಿದಂತೆ ಕಾವಲು ಸಡಿಲ’ ಎಂದು ಬರೆದುಕೊಂಡೆ. ಆಗತಾನೆ ಕಾಫಿ ಕುಡಿದು ಬಂದು ಪಕ್ಕದಲ್ಲಿ ಎಣಿಸುತ್ತಿದ್ದ ಅಕ್ಕನ ಮಗ ತನ್ನ ಹಾಳೆ ತೋರಿಸಿದ. ಅದರ ತುಂಬ ಗೀಟು. “ಹಕ್ಕಿಗೆ ಸುಸ್ತಾಗಿಲ್ಲ ಮಾವ, ನಿಮಗಾಗಿದೆ.”

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಗೂ ಇದೇ ಪೇಚು. ಜಲಾಂತರ್ಗಾಮಿ ಹುಡುಕಲು ರೇಡಾರ್ ಪರದೆ ನೋಡುತ್ತ ಕೂತವರು ಹೊತ್ತು ಕಳೆದಂತೆ ಸುಳಿವು ತಪ್ಪಿಸಿಕೊಳ್ಳುತ್ತಿದ್ದರು. ಕೇಂಬ್ರಿಜ್‌ನ ನಾರ್ಮನ್ ಮ್ಯಾಕ್‌ವರ್ತ್ ಇದನ್ನು ಅಳೆಯಲು ಅಂಕಿಗಳಿಲ್ಲದ ಗಡಿಯಾರ ಮಾಡಿದ. ಮುಳ್ಳು ಸೆಕೆಂಡಿಗೊಂದು ಹೆಜ್ಜೆ ಇಡುತ್ತದೆ. ನೂರು ಹೆಜ್ಜೆಗೆ ಒಂದು ಸುತ್ತು. ಎಲ್ಲೋ ಒಮ್ಮೆ ಎರಡು ಹೆಜ್ಜೆ ಒಟ್ಟಿಗೆ ಜಿಗಿಯುತ್ತದೆ. ಕಂಡವನು ಗುಂಡಿ ಒತ್ತಬೇಕು. ಎರಡು ಗಂಟೆ ಇಷ್ಟೇ ಕೆಲಸ. ಅರ್ಧ ಗಂಟೆ ದಾಟಿದರೆ ಕಣ್ತಪ್ಪು ಹೆಚ್ಚುತ್ತದೆಂದು 1948ರಲ್ಲಿ ಪ್ರಕಟಿಸಿದ.

ಕಾವಲುಗಾರನನ್ನು ಅಳೆದದ್ದಾಯಿತು, ಅಳತೆಗೋಲನ್ನು ಅಳೆಯುವುದು ಹೇಗೆ? 2008ರಿಂದ ಅಮೆರಿಕದ ಸೈನಿಕರು ಯುದ್ಧಭೂಮಿಗೆ ಹೊರಡುವ ಮೊದಲು ಕಂಪ್ಯೂಟರ್ ಮುಂದೆ ಕೂತು ನೆನಪು, ಗಮನ, ಚುರುಕಿನ ಪರೀಕ್ಷೆ ಕೊಡಬೇಕಾಯಿತು. ಮುಂದೆ ಸ್ಫೋಟದಲ್ಲಿ ತಲೆಗೆ ಪೆಟ್ಟಾದರೆ ಹೋಲಿಸಿ ನೋಡಲು. ಆದರೆ ಪೆಟ್ಟೇ ಬೀಳದ, ಚೆನ್ನಾಗಿ ನಿದ್ದೆ ಮಾಡಿದ ಸೈನಿಕನ ಅಂಕವೂ ಇವತ್ತೊಂದು, ಮುಂದಿನ ತಿಂಗಳೊಂದು ಆದರೆ? ಎರಡನೇ ಸಲಕ್ಕೆ ಕೈ ಪಳಗಿ ಅಂಕ ಏರಬಹುದು. ಆ ಏರಿಕೆಯ ಮರೆಯಲ್ಲಿ ನಿಜವಾದ ಪೆಟ್ಟು ಅಡಗಬಹುದು. ನಿದ್ದೆಗೆಟ್ಟ ರಾತ್ರಿ ಅಂಕ ಇಳಿಸಿದರೆ, ಇಲ್ಲದ ಪೆಟ್ಟು ಕಾಣಬಹುದು. ಅದಕ್ಕೇ ಏನೂ ಆಗದವರನ್ನು ಮತ್ತೆ ಮತ್ತೆ ಕೂರಿಸಿ, ಪರೀಕ್ಷೆ ತನ್ನಷ್ಟಕ್ಕೇ ಎಷ್ಟು ಓಲಾಡುತ್ತದೆಂದು ಮೊದಲು ತಿಳಿಯಬೇಕು. ಆ ಓಲಾಟ ಮೀರಿದ ಬದಲಾವಣೆಗೆ ಮಾತ್ರ ಬೆಲೆ.

ಮರುದಿನದಿಂದ ಒಂದೇ ಹಕ್ಕಿಯನ್ನು ಇಬ್ಬರೂ ಬೇರೆ ಬೇರೆ ಎಣಿಸುತ್ತಿದ್ದೇವೆ, ಅರ್ಧ ಗಂಟೆಗೊಮ್ಮೆ ಕಣ್ಣಿಗೆ ಬಿಡುವು ಕೊಟ್ಟು. ‘ಕಾವಲು ಸಡಿಲ’ ಎಂಬ ಸಾಲನ್ನು ಹೊಡೆದುಹಾಕಿದ್ದೇನೆ. ಅದರ ಜಾಗದಲ್ಲಿ ಇನ್ನೂ ಏನೂ ಬರೆದಿಲ್ಲ.