ಅಂತರ್ಜಾಲದ ಸಾಧನಗಳಲ್ಲಿ ಕ್ರೀಡಾಂಶ: ಆಡಂಬರವೂ ಪ್ರಯೋಜನವೂ

ಹಾನಗಲ್ಲನ್ನು ವಿರಾಟನಗರವೆಂದು ಹೇಳುವ ಐತಿಹ್ಯವು ಈ ಪ್ರಾಂತದಲ್ಲಿ ಬಹುಕಾಲದಿಂದ ಪ್ರಸಿದ್ಧವಾಗಿದೆ. ಧರ್ಮರಾಯನು ಕಂಕನೆಂಬ ಹೆಸರಿನಿಂದ ವಿರಾಟನ ಆಸ್ಥಾನದಲ್ಲಿದ್ದು, ಅಕ್ಷಕ್ರೀಡೆಯಿಂದ ಅರಸನನ್ನು ರಂಜಿಸುತ್ತಿದ್ದನೆಂಬುದು ವಾಚಕರಿಗೆ ವಿದಿತವೇ ಆಗಿದೆ. ಹಸ್ತಿನಾವತಿಯಲ್ಲಿ ರಾಜ್ಯವನ್ನು ಕಳೆದ ಆಟವೇ ಇಲ್ಲಿ ಆಶ್ರಯವನ್ನು ಕೊಟ್ಟಿತು. ಈ ಭೇದಕ್ಕೆ ಕಾರಣವು ವನಪರ್ವದಲ್ಲಿದೆ. ಬೃಹದಶ್ವಮುನಿಯು ನಳೋಪಾಖ್ಯಾನವನ್ನು ಹೇಳಿ ಮುಗಿಸಿ, ಅವನಿಗೆ ಅಕ್ಷಹೃದಯವನ್ನು, ಎಂದರೆ ದ್ಯೂತದ ಮರ್ಮವನ್ನು, ಉಪದೇಶಿಸಿದ್ದನು. ಇಂದಿನ ಒಂದು ವಿಷಯವನ್ನು ವಿಚಾರಿಸುವುದಕ್ಕೆ ಈ ಕಥೆಯು ಉಪಯುಕ್ತವಾಗಿದೆ.

ಆಟವಲ್ಲದ ಕಾರ್ಯದಲ್ಲಿ ಆಟದ ಅಂಗಗಳನ್ನು ಸೇರಿಸುವುದಕ್ಕೆ ‘ಗೇಮಿಫಿಕೇಶನ್’ ಎಂದು ಹೆಸರು. ಈ ಶಬ್ದವು 2010ರ ಸುಮಾರಿಗೆ ಬಹಳವಾಗಿ ಪ್ರಚಾರಕ್ಕೆ ಬಂದಿತು. ಅಂಕ, ಪದಕ, ಶ್ರೇಣಿ, ತಪ್ಪದೆ ನಡೆದ ದಿನಗಳ ಎಣಿಕೆ ಮೊದಲಾದುವೇ ಆ ಅಂಗಗಳು. 2009ರಲ್ಲಿ ಆರಂಭವಾದ ಅಮೆರಿಕದ ಫೋರ್‌ಸ್ಕ್ವೇರ್, ಒಂದು ಸ್ಥಳಕ್ಕೆ ಎಲ್ಲರಿಗಿಂತ ಹೆಚ್ಚಾಗಿ ಹೋದವನಿಗೆ ಅಲ್ಲಿಯ ‘ಮೇಯರ್’ ಪದವಿಯನ್ನು ಕೊಟ್ಟಿತು. ಬೆಂಗಳೂರಿನ ಫೋನ್‌ಪೇ, ಹಣ ಕಳುಹಿಸಿದವರಿಗೆ ಸ್ಕ್ರ್ಯಾಚ್ ಕಾರ್ಡುಗಳನ್ನು ಕೊಟ್ಟಿತು. ಭಾಷೆಗಳನ್ನು ಕಲಿಸುವ ಡ್ಯುವೊಲಿಂಗೊ ದಿನಗಳ ಎಣಿಕೆಯನ್ನು ಮುಂದಿಡುತ್ತದೆ. ಇವುಗಳಿಂದ ಸರ್ವವೂ ಸಿದ್ಧಿಸುವುದೆಂಬ ಘೋಷವು ಎದ್ದಿರಲು, ಗಾರ್ಟ್‌ನರ್ ಸಂಸ್ಥೆಯು 2012ರಲ್ಲಿ, ಇಂತಹ ಪ್ರಯೋಗಗಳಲ್ಲಿ ನೂರಕ್ಕೆ 80 ಪಾಲು 2014ರೊಳಗೆ ಉದ್ದೇಶವನ್ನು ಸಾಧಿಸದೆ ಹೋಗುವುವೆಂದೂ, ರಚನಾದೋಷವೇ ಅದಕ್ಕೆ ಮುಖ್ಯ ಕಾರಣವೆಂದೂ ಮುನ್ಸೂಚನೆ ಮಾಡಿತು.

ಆ ದೋಷದ ಸ್ವರೂಪವನ್ನು 1973ರ ಒಂದು ಪ್ರಯೋಗವು ಮೊದಲೇ ತೋರಿಸಿದ್ದಿತು. ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ವಿದ್ವಾಂಸರು ಚಿತ್ರ ಬರೆಯುವುದರಲ್ಲಿ ಆಸಕ್ತರಾದ ಶಿಶುಗಳನ್ನು ಪರೀಕ್ಷಿಸಿದರು. ಬಹುಮಾನದ ಮಾತು ಕೊಟ್ಟು ಬರೆಯಿಸಿದ ಮಕ್ಕಳು, ಅನಂತರ ಅವರ ಇಚ್ಛೆಗೆ ಬಿಟ್ಟಾಗ, ಉಳಿದವರಿಗಿಂತ ಕಡಿಮೆ ಹೊತ್ತು ಬರೆದರು. ಹೊರಗಿನ ಫಲವು ಒಳಗಿನ ರುಚಿಯನ್ನು ಕುಂದಿಸಿತು.

ಹಾಗಾದರೆ ನಮ್ಮ ಪಾಠಶಾಲೆಗಳಲ್ಲಿ ಆಟವಿರಲಿಲ್ಲವೆ? ಅಂತ್ಯಾಕ್ಷರಿಯು ಆಟವೇ ಸರಿ. ಎದುರಾಳಿಯ ಶ್ಲೋಕದ ಕೊನೆಯ ಅಕ್ಷರದಿಂದ ಮತ್ತೊಂದು ಶ್ಲೋಕವನ್ನು ಹೇಳಲಾರದವನು ಸೋತನು. ಅವಧಾನದ ನಿಷೇಧಾಕ್ಷರಿಯಲ್ಲಿ ಪೃಚ್ಛಕನು ಅಕ್ಷರ ಅಕ್ಷರಕ್ಕೂ ತಡೆಯೊಡ್ಡುತ್ತಾನೆ. ಅವಧಾನಿಯು ಬೇರೆ ಅಕ್ಷರದಿಂದ ಪದ್ಯವನ್ನು ಬೆಳೆಸುತ್ತಾನೆ. ಇಲ್ಲಿ ವಿದ್ಯೆಯ ಹೊರತು ಗೆಲವಿಗೆ ಬೇರೆ ದಾರಿಯಿಲ್ಲ. ದಿನಗಳ ಎಣಿಕೆಯಲ್ಲಾದರೋ ಸುಲಭವಾದ ಒಂದು ಪಾಠವನ್ನು ಮುಗಿಸಿದರೂ ದಿನವು ಸಂದಿತು. ನಮ್ಮಲ್ಲಿಗೆ ಬರುವ ವಿದ್ಯಾರ್ಥಿಯೊಬ್ಬನು, ಎಣಿಕೆಯು ಕಡಿಯಬಾರದೆಂದು, ಬಲ್ಲ ಪಾಠವನ್ನೇ ಪ್ರತಿರಾತ್ರಿಯೂ ಒಪ್ಪಿಸುತ್ತಿದ್ದನು. ನಿತ್ಯವೂ ಕುಳಿತುಕೊಳ್ಳುವ ಅಭ್ಯಾಸವು ಅಲ್ಪಲಾಭವೇನೂ ಅಲ್ಲ. ಆದರೆ ಎಣಿಕೆಯು ಬೆಳೆಯಿತು. ವಿದ್ಯೆಯು ನಿಂತಲ್ಲಿಯೇ ನಿಂತಿತು.

ಆದುದರಿಂದ ಅಧ್ಯಾಪಕರು ಕೇಳಬೇಕಾದ ಪ್ರಶ್ನೆಯು ಒಂದೇ: ವಿದ್ಯೆಯಿಲ್ಲದೆ ಈ ಆಟವನ್ನು ಗೆಲ್ಲಬಹುದೆ? ಗೆಲ್ಲಬಹುದಾದರೆ ಅದು ಆಡಂಬರ, ಗೆಲ್ಲಲಾಗದಿದ್ದರೆ ಪ್ರಯೋಜನಕರ. ಗಳಿಸುವ ಆಸೆಗಿಂತ ಕಳೆದುಕೊಳ್ಳುವ ಭಯವು ಬಲವತ್ತರವೆಂಬುದೇ ಈ ಎಣಿಕೆಗಳ ಅಕ್ಷಹೃದಯವು. ನಿರ್ಮಿಸಿದವರು ಅದನ್ನು ಬಲ್ಲರು, ಆಡುವ ಮಕ್ಕಳು ಅರಿಯರು. ಅದನ್ನು ಅವರಿಗೆ ತಿಳಿಸಿಕೊಡುವುದು ಬೃಹದಶ್ವನು ಮಾಡಿದ ಕಾರ್ಯವು. ಈಗ ಅದು ಅಧ್ಯಾಪಕರ ಪಾಲಿಗೆ ಬಂದಿದೆ.