ಮೂವತ್ತು ಕಾಯಿಯ ಲೆಕ್ಕ

ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕೊಬ್ಬರಿ ಆಗುವುದು ಅಟ್ಟದ ಮೇಲಿನ ಕತ್ತಲಲ್ಲಿ. ಸಿಪ್ಪೆ ಸಮೇತ ಪೇರಿಸಿಟ್ಟ ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲೇ ಕೂತು, ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಬೇಕು. ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನುತ್ತದೆ. ಪಳಗಿದ ಕಿವಿ ಆ ಸದ್ದಿನಿಂದಲೇ ಅರ್ಧ ಹೇಳಿಬಿಡುತ್ತದೆ. ಉಳಿದರ್ಧ ಗೊತ್ತಾಗುವುದು ಒಡೆದ ಮೇಲೆ: ಕೆಲವು ಬೆಳ್ಳಗೆ, ಕೆಲವು ಕೊಳೆತು. ಮೂರು ಕಾಯಿ ಒಡೆದು ನೋಡಿ ಅಟ್ಟದ ಮಾಲಿಗೆಲ್ಲ ರೇಟು ಕಟ್ಟುವವನನ್ನು ಈ ಕಡೆ ಯಾರೂ ನಂಬುವುದಿಲ್ಲ.

2020ರ ಜುಲೈನಲ್ಲಿ ಬೆಂಗಳೂರಿನ ಒಂದು ಔಷಧಕ್ಕೆ ದೇಶದ ಔಷಧ ಮಹಾನಿಯಂತ್ರಕರು ತುರ್ತು ಬಳಕೆಯ ಅನುಮತಿ ಕೊಟ್ಟ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಅಟ್ಟ.

ಔಷಧದ ಹೆಸರು ಇಟೊಲಿಝುಮ್ಯಾಬ್. ನಾಲಿಗೆ ತೊಡರುವ ಈ ಹೆಸರನ್ನು ಬಿಡಿಸಿದರೆ ಅದರ ಕುಲಗೋತ್ರವೆಲ್ಲ ಸಿಗುತ್ತದೆ. ಕೊನೆಯ 'ಮ್ಯಾಬ್' ಎಂದರೆ ಒಂದೇ ಅಚ್ಚಿನಲ್ಲಿ ತಯಾರಾದ ಪ್ರತಿಕಾಯ. 'ಝು' ಎಂದರೆ ಮೊದಲು ಇಲಿಯಿಂದ ಪಡೆದು, ಆಮೇಲೆ ಮನುಷ್ಯರ ಮೈಗೆ ಒಗ್ಗುವಂತೆ ತಿದ್ದಿದ್ದು. 'ಲಿ' ಎಂದರೆ ರೋಗನಿರೋಧಕ ವ್ಯವಸ್ಥೆಯ ಮೇಲೆ ಕೆಲಸ ಮಾಡುವಂಥದ್ದು. ಇದರ ತವರು ಕ್ಯೂಬಾ ದೇಶದ ಹವಾನಾದಲ್ಲಿರುವ ಅಣು ರೋಗನಿರೋಧಕ ವಿಜ್ಞಾನ ಕೇಂದ್ರ. ಅಲ್ಲಿಂದ ತಂದು ಬೆಳೆಸಿದ್ದು ಬೆಂಗಳೂರಿನ ಬಯೋಕಾನ್.

ನಮ್ಮ ರಕ್ತದಲ್ಲಿ ಟಿ ಕೋಶಗಳೆಂಬ ಬಿಳಿ ರಕ್ತಕಣಗಳಿವೆ. ಹೊರಗಿನ ಶತ್ರುವನ್ನು ಗುರುತಿಸಿ ಹೋರಾಟಕ್ಕೆ ಉಳಿದವರನ್ನು ಕರೆಯುವುದು ಇವುಗಳ ಕೆಲಸ. ಕೆಲವರಲ್ಲಿ ಅವು ಶತ್ರುವಿಲ್ಲದಿದ್ದರೂ ಕೂಗೆಬ್ಬಿಸುತ್ತವೆ. ಚರ್ಮ ಕೆಂಪಾಗಿ, ದಪ್ಪಗಾಗಿ, ಹೊಟ್ಟಿನಂತೆ ಉದುರುವ ಸೋರಿಯಾಸಿಸ್ ಬರುವುದು ಹಾಗೆ. ಟಿ ಕೋಶದ ಮೈಮೇಲೆ ಸಿಡಿ6 ಎಂಬ ಒಂದು ಪ್ರೋಟೀನು ಇದೆ, ಕೋಶ ಕೆರಳುವುದರಲ್ಲಿ ಅದರ ಕೈವಾಡವಿದೆ. ಇಟೊಲಿಝುಮ್ಯಾಬ್ ಹೋಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಕೋಶ ಸಾಯುವುದಿಲ್ಲ, ಅದರ ಅಬ್ಬರ ಇಳಿಯುತ್ತದೆ. ಕೊರೊನಾ ಕಾಲದಲ್ಲಿ ಕಷಾಯ ಕುಡಿದು 'ಇಮ್ಯುನಿಟಿ' ಏರಿಸಿಕೊಳ್ಳಲು ಹೊರಟವರಿಗೆ ಇದು ವಿಚಿತ್ರವಾಗಿ ಕಂಡೀತು. ರೋಗನಿರೋಧಕ ಶಕ್ತಿ ಜಾಸ್ತಿಯಾದರೂ ರೋಗವೇ.

ಎಷ್ಟು ಜಾಸ್ತಿಯಾಗಬಹುದು ಎಂಬುದನ್ನು 2006ರ ಮಾರ್ಚ್ 13ರಂದು ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆ ನೋಡಿತು. ಟಿಜಿಎನ್1412 ಎಂಬ ಪ್ರಾಯೋಗಿಕ ಪ್ರತಿಕಾಯವನ್ನು ಆರು ಮಂದಿ ಆರೋಗ್ಯವಂತ ಗಂಡಸರಿಗೆ, ಒಬ್ಬರಾದ ಮೇಲೆ ಒಬ್ಬರಿಗೆ, ಕೆಲವೇ ನಿಮಿಷಗಳ ಅಂತರದಲ್ಲಿ ಕೊಟ್ಟರು. ಕೋತಿಗಳು ತಡೆದುಕೊಂಡಿದ್ದ ಪ್ರಮಾಣದ ಐನೂರನೇ ಒಂದು ಪಾಲು ಮಾತ್ರ. ಒಂದೂವರೆ ಗಂಟೆಯೊಳಗೆ ಆರೂ ಮಂದಿಗೆ ತಲೆನೋವು, ಚಳಿ, ಜ್ವರ. ಆಮೇಲೆ ಒಂದೊಂದಾಗಿ ಅಂಗಾಂಗಗಳು ಸೋತವು. ಟಿ ಕೋಶಗಳು ಒಟ್ಟಿಗೇ ಕೆರಳಿ ಸೈಟೊಕೈನ್ ಎಂಬ ಸಂದೇಶದ ರಾಸಾಯನಿಕಗಳನ್ನು ಪ್ರವಾಹದಂತೆ ಹರಿಸಿದ್ದವು. ಆರೂ ಜನ ಬದುಕಿದರು, ಅದೇ ದೊಡ್ಡದು. ಕೋತಿಯ ಟಿ ಕೋಶಕ್ಕೂ ಮನುಷ್ಯರ ಟಿ ಕೋಶಕ್ಕೂ ಇದ್ದ ಒಂದು ಸಣ್ಣ ವ್ಯತ್ಯಾಸ ಆಮೇಲೆ ಬೆಳಕಿಗೆ ಬಂತು. ಅಂದಿನಿಂದ ಇಂಥ ಔಷಧಗಳನ್ನು ಮೊದಲ ಸಲ ಕೊಡುವಾಗ ಒಬ್ಬರಿಗೆ ಕೊಟ್ಟು, ಕಾದು, ನೋಡಿ, ಇನ್ನೊಬ್ಬರಿಗೆ ಕೊಡುವ ಪದ್ಧತಿ ಬಂದಿದೆ.

ಸೋರಿಯಾಸಿಸ್ ವಿಷಯದಲ್ಲಿ ಇಟೊಲಿಝುಮ್ಯಾಬ್ ತನ್ನ ಪರೀಕ್ಷೆಯನ್ನು ನೇರವಾಗಿ ಬರೆದು ಪಾಸಾಯಿತು. ಮೂರನೇ ಹಂತದ ಪ್ರಯೋಗದಲ್ಲಿ ಭಾರತದ 225 ರೋಗಿಗಳಿದ್ದರು. ಎರಡು ಗುಂಪಿಗೆ ಎರಡು ಕ್ರಮದಲ್ಲಿ ಔಷಧ, ಮೂರನೆಯ ಗುಂಪಿಗೆ ಔಷಧವಿಲ್ಲದ ಹುಸಿಮದ್ದು. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ್ದು. 12 ವಾರ ಕಳೆದಾಗ ರೋಗದ ತೀವ್ರತೆ ಮುಕ್ಕಾಲು ಪಾಲು ಇಳಿದವರು ಔಷಧದ ಗುಂಪುಗಳಲ್ಲಿ ನೂರಕ್ಕೆ 27 ಮತ್ತು 36. ಹುಸಿಮದ್ದಿನ ಗುಂಪಿನಲ್ಲಿ ನೂರಕ್ಕೆ ಎರಡು ಚಿಲ್ಲರೆ. ಪವಾಡವೇನಲ್ಲ, ಮುಕ್ಕಾಲು ಪಾಲು ಇಳಿಯದವರೇ ಹೆಚ್ಚು. ಆದರೆ ತಾನಾಗಿ ಅಷ್ಟು ವಾಸಿಯಾಗುವುದು ಅಪರೂಪದ ರೋಗದಲ್ಲಿ ಈ ಅಂತರ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. 2013ರಲ್ಲಿ ಅಲ್ಝುಮ್ಯಾಬ್ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು.

ಆಮೇಲೆ ಬಂತು ಕೊರೊನಾ. ರೋಗ ಉಲ್ಬಣಿಸಿದವರಲ್ಲಿ ಸೈಟೊಕೈನ್‌ಗಳು ಉಕ್ಕಿ ಶ್ವಾಸಕೋಶ ಕೆಡುವುದನ್ನು ವೈದ್ಯರು ಕಂಡರು. ಟಿ ಕೋಶದ ಅಬ್ಬರ ಇಳಿಸುವ ಔಷಧ ಕೈಯಲ್ಲೇ ಇದೆಯಲ್ಲ, ಇಲ್ಲೂ ಯಾಕಾಗಬಾರದು? ಯೋಚನೆ ಸರಿಯಾಗಿತ್ತು. ಮುಂಬೈ ಮತ್ತು ದೆಹಲಿಯ ಆಸ್ಪತ್ರೆಗಳಲ್ಲಿ ಪ್ರಯೋಗ ನಡೆಯಿತು. ಲೆಕ್ಕಕ್ಕೆ ಸಿಕ್ಕವರು 30 ಮಂದಿ: 20 ಜನಕ್ಕೆ ಮಾಮೂಲು ಚಿಕಿತ್ಸೆಯ ಜೊತೆ ಇಟೊಲಿಝುಮ್ಯಾಬ್, 10 ಜನಕ್ಕೆ ಮಾಮೂಲು ಚಿಕಿತ್ಸೆ ಮಾತ್ರ. ತಿಂಗಳ ಕೊನೆಗೆ ಹತ್ತರ ಗುಂಪಿನಲ್ಲಿ ಮೂರು ಸಾವು, ಇಪ್ಪತ್ತರ ಗುಂಪಿನಲ್ಲಿ ಒಂದೂ ಇಲ್ಲ. ಮೂರನೇ ಹಂತದ ಪ್ರಯೋಗವಿಲ್ಲದೆಯೇ ಅನುಮತಿ ಸಿಕ್ಕಿತು. ಆಗ ಒಂದು ಬಾಟಲಿಗೆ ಸುಮಾರು 8,000 ರೂಪಾಯಿ, ಒಬ್ಬರಿಗೆ ನಾಲ್ಕು ಬಾಟಲಿ.

ಈಗ ಅಟ್ಟದ ಲೆಕ್ಕ ಹಾಕೋಣ. ಮೂವತ್ತು ಕಾಯಿ ಇವೆ, ಅದರಲ್ಲಿ ಮೂರು ಕೊಳೆತವು. ಕಣ್ಣು ಮುಚ್ಚಿ ಇಪ್ಪತ್ತರದೊಂದು, ಹತ್ತರದೊಂದು ಗುಡ್ಡೆ ಮಾಡಿ. ಕೊಳೆತ ಮೂರೂ ಆಕಸ್ಮಿಕವಾಗಿ ಹತ್ತರ ಗುಡ್ಡೆಗೇ ಬೀಳುವ ಸಾಧ್ಯತೆ ಎಷ್ಟು? 4,060 ಬಗೆಗಳಲ್ಲಿ 120, ಅಂದರೆ ನೂರಕ್ಕೆ ಮೂರು. ನೂರಕ್ಕೆ ಐದಕ್ಕಿಂತ ಕಡಿಮೆಯಿದ್ದರೆ 'ಆಕಸ್ಮಿಕವಲ್ಲ' ಎನ್ನುವುದು ಸಂಶೋಧಕರ ರೂಢಿ, ಆದ್ದರಿಂದ ಕಾಗದದ ಮೇಲೆ ಔಷಧ ಗೆದ್ದಿತು. ಆದರೆ ಇಪ್ಪತ್ತರ ಗುಂಪಿನಲ್ಲಿ ಒಬ್ಬರೇ ಒಬ್ಬರು ತೀರಿಕೊಂಡಿದ್ದರೆ? ಅದೇ ಲೆಕ್ಕ ನೂರಕ್ಕೆ ಒಂಬತ್ತು ದಾಟುತ್ತದೆ, ಗೆಲುವು ಕೈಬಿಡುತ್ತದೆ. ಒಂದು ಜೀವದ ಮೇಲೆ ನಿಂತ ತೀರ್ಪು ಇದು. ಮೊದಲ ಐವರಿಗೆ ಚೀಟಿ ಎತ್ತದೆಯೇ ಔಷಧ ಕೊಟ್ಟಿದ್ದರು. ಔಷಧದ ಗುಂಪಿನಿಂದ ಇಬ್ಬರು ಒಂದು ಪೂರ್ತಿ ಡೋಸು ಮುಗಿಯುವ ಮೊದಲೇ ಹೊರಬಂದು, ಅವರ ಜಾಗಕ್ಕೆ ಬೇರೆಯವರು ಬಂದಿದ್ದರು. ಮೂವತ್ತರಲ್ಲಿ ಎರಡು ಕಾಯಿ ಬದಲಾಯಿಸಿದರೆ ಗುಡ್ಡೆಯೇ ಬದಲಾದೀತು.

ಇನ್ನೂ ಒಂದು ಮಾತಿದೆ. ಆ ಔಷಧ ಸಿಗದ ಹತ್ತು ಮಂದಿಯಲ್ಲೂ ಏಳು ಜನ ಬದುಕಿದರು. ಸೋರಿಯಾಸಿಸ್‌ನಂತಲ್ಲ ಇದು, ಬಹಳ ಮಂದಿ ತಾವಾಗಿ ಚೇತರಿಸಿಕೊಳ್ಳುವ ಕಾಯಿಲೆಯಲ್ಲಿ ಔಷಧದ ಪಾಲೆಷ್ಟು, ದೇಹದ ಪಾಲೆಷ್ಟು ಎಂದು ಬೇರ್ಪಡಿಸಲು ಸಾವಿರಗಟ್ಟಲೆ ಜನ ಬೇಕು. ಬ್ರಿಟನ್ನಿನ ರಿಕವರಿ ಪ್ರಯೋಗ ಅದನ್ನೇ ಮಾಡಿತು. ಸೈಟೊಕೈನ್ ಹಾದಿಯೊಂದನ್ನು ತಡೆಯುವ ಟಾಸಿಲಿಝುಮ್ಯಾಬ್ ಎಂಬ ಔಷಧವನ್ನು ಅಲ್ಲಿ 4,116 ರೋಗಿಗಳಲ್ಲಿ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಹೇಳಿದರು: 28 ದಿನಗಳಲ್ಲಿ ಸತ್ತವರು ಔಷಧವಿಲ್ಲದೆ ನೂರಕ್ಕೆ 35, ಔಷಧದೊಂದಿಗೆ 31. ನೂರಕ್ಕೆ ನಾಲ್ಕು ಜೀವ! ದೊಡ್ಡ ಲಾಭ, ನಿಜವಾದ ಲಾಭ. ಆದರೆ ಇಪ್ಪತ್ತು ಜನರ ಗುಂಪಿನಲ್ಲಿ ಅದು ಒಂದು ಜೀವವೂ ಅಲ್ಲ. ಅಷ್ಟು ಸಣ್ಣ ಗುಂಪಿನಲ್ಲಿ ಅದನ್ನು ಯಾರೂ ಕಾಣಲಾರರು.

ಇಟೊಲಿಝುಮ್ಯಾಬನ್ನು ಐಸಿಎಂಆರ್ ಕಾರ್ಯಪಡೆ ಕೊರೊನಾ ಚಿಕಿತ್ಸೆಯ ರಾಷ್ಟ್ರೀಯ ಮಾರ್ಗಸೂಚಿಗೆ ಸೇರಿಸಲಿಲ್ಲ. ಕಾರ್ಯಪಡೆ ಮಾಡಿದ್ದೇ ಸರಿ ಎಂಬುದು ನನ್ನ ಅಭಿಪ್ರಾಯ. ಸಾವು ಬಾಗಿಲಲ್ಲಿ ನಿಂತಾಗ ಕಾಯುತ್ತ ಕೂರಬೇಕೇ ಎಂದು ಕೇಳಿದವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಅದೇ ತಿಂಗಳುಗಳಲ್ಲಿ, ಅದೇ ಸಾವುಗಳ ನಡುವೆ, ಬ್ರಿಟನ್ನಿನವರು ಆರು ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕ ಹಿಡಿದು ಡೆಕ್ಸಾಮೆಥಸೋನ್ ಎಂಬ ಅಗ್ಗದ ಹಳೆಯ ಸ್ಟೀರಾಯ್ಡು ಜೀವ ಉಳಿಸುತ್ತದೆಂದು 2020ರ ಜೂನ್‌ನಲ್ಲೇ ತೋರಿಸಿದ್ದರು.

ಇಟೊಲಿಝುಮ್ಯಾಬ್ ಕತೆ ಅಲ್ಲಿಗೆ ಮುಗಿಯಲಿಲ್ಲ. ಅಮೆರಿಕದ ಈಕ್ವಿಲಿಯಂ ಕಂಪನಿ 2017ರಲ್ಲಿ ಹಕ್ಕು ಪಡೆದು, ಬೇರೆಯವರ ಅಸ್ಥಿಮಜ್ಜೆ ಕಸಿಯಾದ ಮೇಲೆ ಬಂದ ಕೋಶಗಳೇ ರೋಗಿಯ ಮೈಮೇಲೆ ಎರಗುವ ಕಾಯಿಲೆಗೆ ಅದನ್ನು ಪರೀಕ್ಷಿಸಿತು. ಮೊದಲ ಹಂತದ ಸಣ್ಣ ಗುಂಪಿನಲ್ಲಿ ಭರವಸೆ ಕಂಡಿತ್ತು. 2025ರ ಮಾರ್ಚ್‌ನಲ್ಲಿ ಮೂರನೇ ಹಂತದ ಫಲಿತಾಂಶ ಬಂದಾಗ ಅದು ಮುಖ್ಯ ಗುರಿಯನ್ನು ಮುಟ್ಟಲಿಲ್ಲ.

ಈ ಕಡೆಯಿಂದ ದೊಡ್ಡ ಕಾಯಿಲೆಗೆ ಬೆಂಗಳೂರಿನ ಬಸ್ಸು ಹತ್ತುವವರಿಗೆ ಒಂದು ಮಾತು. ಹೊಸ ಔಷಧದ ಪ್ರಯೋಗಕ್ಕೆ ಸೇರುತ್ತೀರಾ ಎಂದು ಡಾಕ್ಟರು ಕೇಳಿದರೆ ಹೆದರಿ ಓಡಬೇಕಿಲ್ಲ. ಯಾರೋ ಒಪ್ಪಿದ್ದಕ್ಕೇ ನಮಗೆ ಇವತ್ತಿನ ಮದ್ದುಗಳು ಸಿಕ್ಕಿವೆ. ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಕನ್ನಡದ್ದನ್ನೇ ಕೇಳಿ. ನಡುವೆ ಯಾವಾಗ ಬೇಕಾದರೂ ಹೊರಬರಬಹುದು. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಕೊಡಬೇಕೆಂದು 2019ರ ನಿಯಮಗಳು ಹೇಳುತ್ತವೆ. ಪ್ರತಿ ಪ್ರಯೋಗಕ್ಕೂ ದೇಶದ ಪ್ರಯೋಗಗಳ ದಾಖಲೆಯಾದ ಸಿಟಿಆರ್‌ಐನ ನೋಂದಣಿ ಸಂಖ್ಯೆ ಇರುತ್ತದೆ, ಅದನ್ನು ಬರೆದುಕೊಂಡು ಮನೆಯಲ್ಲಿ ಓದಿದ ಮಕ್ಕಳ ಕೈಲಿ ಹುಡುಕಿಸಿ. ಒಟ್ಟು ಎಷ್ಟು ಜನರ ಮೇಲೆ ಪ್ರಯೋಗ ಎಂಬ ಸಾಲು ಅಲ್ಲೇ ಇದೆ. ಮೊದಲು ಅದನ್ನು ಓದಿಸಿ.