ಸ್ಟೆಪ್ನಿ ಹೊತ್ತ ಸ್ಕೂಟರ್: ಪಂಚರ್ ದುರಸ್ತಿ ಬೆಳೆದು ಬಂದ ದಾರಿ

ಸ್ಕೂಟರಿನ ರೂಪ ಅರ್ಧಕ್ಕರ್ಧ ಪಂಚರಿನ ಚಿಂತೆಯಿಂದಲೇ ಹುಟ್ಟಿದ್ದು. ಒಂದೇ ಬದಿಯ ಆಸರೆಗೆ ಸಿಕ್ಕಿಸಿದ ಮುಂದಿನ ಚಕ್ರ, ಹಿಂದೆ ಮುಂದೆ ಒಂದೇ ಅಳತೆಯ ಪುಟ್ಟ ಗಾಲಿಗಳು, ಸೀಟಿನ ಹಿಂದೆ ಕಟ್ಟಿದ ಸ್ಟೆಪ್ನಿ, ಇವೆಲ್ಲ ನಡುದಾರಿಯಲ್ಲಿ ಗಾಳಿ ಹೋದರೂ ಸವಾರ ತಾನೇ ಚಕ್ರ ಬದಲಿಸಿಕೊಂಡು ಊರು ಸೇರಬೇಕು ಎಂಬ ಲೆಕ್ಕಾಚಾರದಿಂದ ಬಂದವು. ರಬಕವಿ–ಬನಹಟ್ಟಿಯಂಥ ನೇಕಾರರ ಊರುಗಳ ಸುತ್ತ, ಕಬ್ಬಿನ ಹೊಲ ಮತ್ತು ಜಾಲಿ ಬೇಲಿಗಳ ನಡುವಿನ ರಸ್ತೆಗಳಲ್ಲಿ, ಆ ಲೆಕ್ಕಾಚಾರ ದಿನವೂ ಪರೀಕ್ಷೆಗೆ ಒಳಗಾಯಿತು. ಕಳೆದ ಐದಾರು ದಶಕಗಳಲ್ಲಿ ಪಂಚರ್ ನಿಭಾಯಿಸುವ ಕೆಲಸ ಸವಾರನ ಕೈಯಿಂದ ರಸ್ತೆ ಬದಿಯ ಅಂಗಡಿಗೆ, ಅಲ್ಲಿಂದ ಟೈರಿನ ರಚನೆಯೊಳಕ್ಕೇ ಸರಿದಿದೆ.

ಗಾಳಿ ತುಂಬಿದ ಗಾಲಿ

ಕಟ್ಟಿಗೆಯ ಗಾಲಿಗೆ ಕಬ್ಬಿಣದ ಪಟ್ಟಿ ಬಿಗಿದ ಚಕ್ಕಡಿಗೆ ಪಂಚರ್ ಎಂಬುದೇ ಇರಲಿಲ್ಲ. ಆದರೆ ದಾರಿಯ ಪ್ರತಿ ಕಲ್ಲಿನ ಪೆಟ್ಟೂ ಕುಳಿತವರ ಬೆನ್ನಿಗೆ ತಾಗುತ್ತಿತ್ತು. ಆ ಪೆಟ್ಟನ್ನು ಗಾಳಿಯೇ ನುಂಗುವಂತೆ ಮಾಡಲು ಮೊದಲು ಗಟ್ಟಿ ರಬ್ಬರ್ ಬೇಕಿತ್ತು. ಹಸಿ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಬಿಸಿಲಿಗೆ ಕರಗದೆ, ಚಳಿಗೆ ಬಿರಿಯದೆ ಉಳಿಯುತ್ತದೆ ಎಂಬ ವಿಧಾನಕ್ಕೆ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದ. ಮರುವರ್ಷ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಗಾಳಿ ತುಂಬಿದ ಚಕ್ರಕ್ಕೆ ಪೇಟೆಂಟ್ ಮಾಡಿಸಿದ. ಆದರೆ ಅವನ ಕಾಲದಲ್ಲಿ ಅದನ್ನು ಕೊಳ್ಳುವ ವಾಹನಗಳು ಇರಲಿಲ್ಲ, ಸಂಗತಿ ಮರೆತೇಹೋಯಿತು. ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದೇ ಉಪಾಯವನ್ನು ಸ್ವತಂತ್ರವಾಗಿ ಕಂಡುಕೊಂಡು 1888ರಲ್ಲಿ ಪೇಟೆಂಟ್ ಪಡೆದಾಗ ಸೈಕಲ್ ಯುಗ ಆರಂಭವಾಗಿತ್ತು. ಗಾಳಿಯ ಟೈರ್ ಅಲ್ಲಿಂದ ಜಗತ್ತಿಗೆಲ್ಲ ಹರಡಿತು.

ಅದರ ಬೆನ್ನಿಗೇ ಪಂಚರ್ ಕೂಡ ಬಂತು. ಡನ್‌ಲಪ್ ಕಾಲದ ಟೈರನ್ನು ರಿಮ್ಮಿಗೆ ಅಂಟಿಸಿಬಿಡುತ್ತಿದ್ದರು. ತೂತು ಮುಚ್ಚಲು ಟೈರ್ ಕಿತ್ತು, ಮತ್ತೆ ಅಂಟಿಸಿ, ರಾತ್ರಿಯಿಡೀ ಒಣಗಲು ಬಿಡಬೇಕಿತ್ತು. ಫ್ರಾನ್ಸಿನ ಮಿಶ್ಲಾನ್ ಸಹೋದರರು 1891ರಲ್ಲಿ ಬಿಚ್ಚಿ ಹಾಕಬಹುದಾದ ಸೈಕಲ್ ಟೈರ್ ತಂದ ಮೇಲೆ ಈ ಕೆಲಸ ದಾರಿಯಲ್ಲೇ ಮುಗಿಯುವಂತಾಯಿತು. ಆರಂಭದ ಕಾರುಗಳಲ್ಲಿ ಹೆಚ್ಚುವರಿ ಚಕ್ರ ಇರುತ್ತಿರಲಿಲ್ಲ. ವೇಲ್ಸ್‌ನ ಲನೆಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ ಅಂಗಡಿ ಇಟ್ಟಿದ್ದ ಡೇವಿಸ್ ಸಹೋದರರು 1904ರಲ್ಲಿ, ಗಾಳಿ ತುಂಬಿದ ಟೈರಿರುವ ಅರೆಗಳಿಲ್ಲದ ಗಾಲಿಯೊಂದನ್ನು ಮಾರಾಟಕ್ಕೆ ತಂದರು. ಗಾಳಿ ಹೋದ ಚಕ್ರದ ಪಕ್ಕಕ್ಕೇ ಅದನ್ನು ಬಿಗಿದು ಮುಂದೆ ಸಾಗಬಹುದಿತ್ತು. ಆ ಬೀದಿಯ ಹೆಸರನ್ನೇ ಇಂದಿಗೂ ಉತ್ತರ ಕರ್ನಾಟಕದ ಪ್ರತಿ ಗ್ಯಾರೇಜಿನಲ್ಲಿ ಹೆಚ್ಚುವರಿ ಚಕ್ರಕ್ಕೆ ಬಳಸುತ್ತಾರೆ.

ವಿಮಾನದ ಕಾಲು, ಸ್ಕೂಟರಿನ ಚಕ್ರ

ಎರಡನೇ ಮಹಾಯುದ್ಧ ಮುಗಿದಾಗ ಇಟಲಿಯ ರಸ್ತೆಗಳು ಹಾಳಾಗಿದ್ದವು. ವಿಮಾನ ತಯಾರಿಸುತ್ತಿದ್ದ ಪಿಯಾಜಿಯೊ ಕಂಪನಿ ಜನಸಾಮಾನ್ಯರಿಗೊಂದು ಅಗ್ಗದ ವಾಹನ ಮಾಡಲು ಹೊರಟು, ವಿನ್ಯಾಸದ ಹೊಣೆಯನ್ನು ಕೊರಾಡಿನೊ ದಾಸ್ಕಾನಿಯೊಗೆ ವಹಿಸಿತು. ಆತ ಹೆಲಿಕಾಪ್ಟರ್ ರೂಪಿಸಿದ್ದ ವಿಮಾನ ಎಂಜಿನಿಯರ್. ಮೋಟರ್‌ಸೈಕಲ್ ಎಂದರೆ ಆತನಿಗೆ ಆಗುತ್ತಿರಲಿಲ್ಲ; ಅದರ ಮೇಲಿನ ಆತನ ದೂರುಗಳಲ್ಲಿ ಪಂಚರಾದಾಗ ಚಕ್ರ ಬಿಚ್ಚುವ ಕಷ್ಟವೂ ಒಂದು. ಮೋಟರ್‌ಸೈಕಲ್ಲಿನ ಗಾಲಿ ಎರಡು ಕವಲುಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಹಿಂದಿನದಾದರೆ ಚೈನು, ಬ್ರೇಕಿನ ಸರಳು, ಆಕ್ಸಲ್ ಎಲ್ಲವನ್ನೂ ಬಿಚ್ಚಬೇಕು.

ದಾಸ್ಕಾನಿಯೊ ವಿಮಾನ ಇಳಿಯುವಾಗ ನೆಲಕ್ಕೂರುವ ಕಾಲಿನ ಮಾದರಿಯಲ್ಲಿ ಮುಂದಿನ ಚಕ್ರವನ್ನು ಒಂದೇ ಬದಿಯ ತೋಳಿಗೆ ಜೋಡಿಸಿದ. ಎಂಜಿನನ್ನು ಹಿಂದಿನ ಚಕ್ರದ ಪಕ್ಕಕ್ಕೇ ಇಟ್ಟು ಚೈನನ್ನೇ ಕೈಬಿಟ್ಟ. ಎರಡೂ ಚಕ್ರಗಳ ಒಂದು ಬದಿ ಹೀಗೆ ತೆರವಾಯಿತು. ಕಾರಿನಂತೆ ನಟ್ಟುಗಳನ್ನು ಸಡಿಲಿಸಿ ಗಾಲಿಯನ್ನು ಪಕ್ಕಕ್ಕೆ ಎಳೆದರೆ ಸಾಕು. 1946ರ ಏಪ್ರಿಲ್ 23ರಂದು ಈ ವಿನ್ಯಾಸಕ್ಕೆ ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು. ವೆಸ್ಪಾ ಹುಟ್ಟಿತು. ಮರುವರ್ಷ ಮಿಲಾನಿನಲ್ಲಿ ಲ್ಯಾಂಬ್ರೆಟಾ ಬಂತು.

ಭಾರತದಲ್ಲಿ 1950ರ ದಶಕದಲ್ಲಿ ಮುಂಬೈಯ ಆಟೊಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಲ್ಯಾಂಬ್ರೆಟಾ ಜೋಡಿಸತೊಡಗಿತು. ಪಿಯಾಜಿಯೊ ಪರವಾನಗಿ ಪಡೆದ ಬಜಾಜ್ ಆಟೋ 1960ರ ದಶಕದ ಆರಂಭದಿಂದ ವೆಸ್ಪಾ ತಯಾರಿಸಿತು. 1971ರಲ್ಲಿ ಆ ಪರವಾನಗಿ ಮುಗಿದ ಮೇಲೆ, ರಾಣಾ ಪ್ರತಾಪನ ಕುದುರೆಯ ಹೆಸರಿಟ್ಟು 1972ರಲ್ಲಿ ಚೇತಕ್ ತಂದಿತು. ಹಣ ಕಟ್ಟಿ ವರ್ಷಗಟ್ಟಲೆ ಕಾಯ್ದು ಪಡೆಯಬೇಕಾಗಿದ್ದ ಆ ಗಾಡಿಯ ಹಿಂದೆ ರೆಕ್ಸಿನ್ ಹೊದಿಕೆ ತೊಟ್ಟ ಸ್ಟೆಪ್ನಿ ಇರುವುದು ಸಾಮಾನ್ಯ ನೋಟವಾಯಿತು.

ಮುಳ್ಳಿನ ನಾಡು

ರಬಕವಿ, ಬನಹಟ್ಟಿ, ತೇರದಾಳ, ಮಹಾಲಿಂಗಪುರಗಳು ಸೀರೆ ನೇಯುವ ಊರುಗಳು. ನೂಲಿನ ಗಂಟನ್ನು ತರುವುದು, ನೇಯ್ದ ಸೀರೆಗಳನ್ನು ಮಾಲೀಕರಿಗೆ ಮುಟ್ಟಿಸುವುದು ಇಲ್ಲಿನ ನಿತ್ಯದ ಓಡಾಟ. ಕಾಲಿಡುವ ಜಾಗ ಬಯಲಾಗಿರುವ ಸ್ಕೂಟರ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು: ಒಂದು ಗಂಟು ಮುಂದೆ, ಇನ್ನೊಂದು ಹಿಂದಿನ ಸೀಟಿನ ಮೇಲೆ. ಆದರೆ ಹೊರೆ ಹೆಚ್ಚಿದಷ್ಟೂ ಹಿಂದಿನ ಟೈರ್ ನೆಲಕ್ಕೆ ಅಪ್ಪಚ್ಚಿಯಾಗಿ ಒತ್ತುತ್ತದೆ. ಬಿದ್ದ ಮುಳ್ಳು ಮೊಳೆಗಳೆಲ್ಲ ಅದಕ್ಕೇ ನೆಡುತ್ತವೆ. ಜೊತೆಗೆ ಗಾಲಿ ಚಿಕ್ಕದು. ಹತ್ತು ಅಂಗುಲದ ರಿಮ್ಮಿನ ಟೈರ್ ದೊಡ್ಡ ಗಾಲಿಯ ಟೈರಿಗಿಂತ ಹೆಚ್ಚು ಸುತ್ತು ಸುತ್ತುತ್ತದೆ, ಬೇಗ ಕಾಯುತ್ತದೆ, ಬೇಗ ಸವೆಯುತ್ತದೆ.

ಇನ್ನು ಮುಳ್ಳಿಗೇನೂ ಬರವಿಲ್ಲ. ಹೊಲದ ಬದುಗಳಲ್ಲಿ ಕರಿಜಾಲಿ ಮೊದಲಿನಿಂದಲೂ ಇತ್ತು. ಅಮೆರಿಕ ಖಂಡದ ಮೂಲದ ಬಳ್ಳಾರಿ ಜಾಲಿ 19ನೇ ಶತಮಾನದ ಕೊನೆಯ ಭಾಗದಲ್ಲಿ ಉರುವಲಿಗೆಂದು, ಬರಡು ನೆಲವನ್ನು ಹಸಿರು ಮಾಡಲೆಂದು ದಕ್ಷಿಣ ಭಾರತಕ್ಕೆ ಬಂದು ರಸ್ತೆ ಬದಿ, ಹಳ್ಳದ ದಂಡೆ, ಬೀಳು ನೆಲಗಳನ್ನೆಲ್ಲ ತುಂಬಿಕೊಂಡಿತು. ಬೇಲಿಗೆಂದು ಕಡಿದು ಎಳೆದೊಯ್ಯುವ ಟೊಂಗೆಗಳಿಂದ ಉದುರಿದ ಮುಳ್ಳು ದಾರಿಯಲ್ಲೇ ಒಣಗಿ ಗಟ್ಟಿಯಾಗುತ್ತದೆ. ಎತ್ತುಗಳ ಲಾಳದಿಂದ ಕಳಚಿದ ಮೊಳೆಗಳು ಇದಕ್ಕೆ ಜೊತೆ. ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುವ ಚಳಿಗಾಲದ ತಿಂಗಳುಗಳಲ್ಲಿ ಜಮಖಂಡಿ, ಮುಧೋಳ, ಸಮೀರವಾಡಿಯ ಕಡೆಗೆ ಸಾಲುಗಟ್ಟುವ ಟ್ರ್ಯಾಕ್ಟರುಗಳಿಂದ ತಂತಿಯ ತುಂಡು, ಬೋಲ್ಟುಗಳೂ ರಸ್ತೆಗೆ ಬೀಳುತ್ತವೆ.

ಮೊಳೆ ಹೊಕ್ಕರೆ ಬೇಗನೆ ತಿಳಿಯುತ್ತದೆ. ಜಾಲಿ ಮುಳ್ಳು ಹಾಗಲ್ಲ. ಅದು ತಾನು ಮಾಡಿದ ತೂತಿಗೆ ತಾನೇ ಬಿರಡೆಯಾಗಿ ಕೂತು ಗಾಳಿಯನ್ನು ಮೆಲ್ಲಗೆ ಬಿಡುತ್ತದೆ. ಸಂಜೆ ಸರಿಯಾಗಿಯೇ ಮನೆ ಸೇರಿದ ಗಾಡಿ ಬೆಳಗಾಗುವಷ್ಟರಲ್ಲಿ ನೆಲ ಕಚ್ಚಿರುತ್ತದೆ.

ಸ್ಟೆಪ್ನಿ ಬದಲಿಸುವ ಕ್ರಮ

ಚೇತಕ್ ಕಾಲದ ಸವಾರನಿಗೆ ಚಕ್ರ ಬದಲಿಸುವುದು ಗಾಡಿ ಕಲಿಯುವುದರ ಭಾಗವೇ ಆಗಿತ್ತು. ಎಡಬದಿಯ ಡಿಕ್ಕಿಯಲ್ಲಿ ಪಾನಾ, ಸ್ಕ್ರೂಡ್ರೈವರ್, ಬಟ್ಟೆಯ ಚೂರು ಇರುತ್ತಿದ್ದವು. ಗಾಡಿಯನ್ನು ಗಟ್ಟಿ ನೆಲಕ್ಕೆ ತಂದು, ಚಕ್ರ ಇನ್ನೂ ನೆಲಕ್ಕೆ ತಾಗಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಬೇಕು. ಎತ್ತಿದ ಮೇಲೆ ಸಡಿಲಿಸಹೋದರೆ ಚಕ್ರವೇ ತಿರುಗುತ್ತದೆ. ಹಿಂದಿನ ಚಕ್ರವಾದರೆ ಸ್ಟ್ಯಾಂಡಿನ ಕೆಳಗೆ ಚಪ್ಪಟೆ ಕಲ್ಲು ಕೊಡುತ್ತಿದ್ದರು, ಇಲ್ಲವೇ ಪೆಟ್ರೋಲ್ ಕಾಕ್ ಮುಚ್ಚಿ ಗಾಡಿಯನ್ನು ಓರೆ ಮಾಡುತ್ತಿದ್ದರು. ಹೊಸ ಚಕ್ರ ಕೂರಿಸಿದ ಮೇಲೆ ನಟ್ಟುಗಳನ್ನು ಒಂದರ ಪಕ್ಕದ್ದನ್ನಲ್ಲ, ಎದುರಿನದನ್ನು ಬಿಗಿಯುತ್ತ ಹೋಗಬೇಕು. ಆಗಲೇ ಗಾಲಿ ಓರೆಯಾಗದೆ ಕೂರುತ್ತದೆ.

ಈ ಸ್ಕೂಟರುಗಳ ರಿಮ್ ಎರಡು ಉಕ್ಕಿನ ಹೋಳುಗಳನ್ನು ಬೋಲ್ಟಿನಿಂದ ಸೇರಿಸಿ ಮಾಡಿದ್ದು. ಟೈರನ್ನು ಮೀಟುಗೋಲಿನಿಂದ ಎಬ್ಬಿಸುವ ಅಗತ್ಯವಿಲ್ಲ. ಹೋಳುಗಳನ್ನು ಬೇರ್ಪಡಿಸಿದರೆ ಟ್ಯೂಬ್ ಕೈಗೆ ಬರುತ್ತದೆ. ಆದರೆ ಗಾಳಿಯನ್ನು ಪೂರ್ತಿ ಬಿಡದೆ ಆ ಬೋಲ್ಟುಗಳಿಗೆ ಪಾನಾ ಹಚ್ಚಬಾರದು. ಒಳಗಿನ ಒತ್ತಡಕ್ಕೆ ಹೋಳುಗಳು ಸಿಡಿದು ಕೈ, ಮುಖಕ್ಕೆ ಪೆಟ್ಟಾಗುವ ಅಪಾಯವಿದೆ.

ಅಂಗಡಿಯ ಕೈಗುಣ

ಗಾಳಿ ಹೋದ ಚಕ್ರವನ್ನು ಸ್ಟೆಪ್ನಿಯ ಜಾಗದಲ್ಲಿ ಕಟ್ಟಿಕೊಂಡು ಬಂದವರು ಮುಂದಿನ ಊರಿನಲ್ಲಿ ಅದನ್ನು ಪಂಚರ್ ಅಂಗಡಿಗೆ ಕೊಡುತ್ತಿದ್ದರು. ಈ ಅಂಗಡಿಗಳ ಬೇರು ಸೈಕಲ್ ಅಂಗಡಿಯಲ್ಲಿದೆ. ಗಂಟೆ ಲೆಕ್ಕದಲ್ಲಿ ಸೈಕಲ್ ಬಾಡಿಗೆ ಕೊಡುತ್ತಿದ್ದವರೇ ಕಾಲ ಬದಲಾದಂತೆ ಸ್ಕೂಟರ್, ಮೋಟರ್‌ಸೈಕಲ್ ಟ್ಯೂಬುಗಳಿಗೂ ಕೈ ಹಾಕಿದರು. ಗಿಡಕ್ಕೋ ಕಂಬಕ್ಕೋ ನೇತುಹಾಕಿದ ಹಳೆಯ ಟೈರೇ ಅಂಗಡಿಯ ಬೋರ್ಡು. ಒಳಗೆ ಹವಾ ತುಂಬುವ ಟ್ಯಾಂಕು, ನೀರು ತುಂಬಿದ ಬೋಗುಣಿ, ಅರ, ಸೊಲ್ಯೂಷನ್ ಡಬ್ಬಿ ಇರುತ್ತವೆ.

ಕೆಲಸದ ಕ್ರಮ ಇಂದಿಗೂ ಅದೇ. ಮೊದಲು ವಾಲ್ ತುದಿಗೆ ಎಂಜಲು ಹಚ್ಚಿ ನೋಡುತ್ತಾರೆ. ಗುಳ್ಳೆ ಎದ್ದರೆ ತಪ್ಪು ಟ್ಯೂಬಿನದಲ್ಲ, ವಾಲ್‌ನದು. ಆಮೇಲೆ ಟ್ಯೂಬಿಗೆ ಹವಾ ತುಂಬಿ, ಸ್ವಲ್ಪ ಸ್ವಲ್ಪವೇ ನೀರಿನಲ್ಲಿ ಮುಳುಗಿಸಿ ತಿರುಗಿಸುತ್ತಾರೆ. ಗುಳ್ಳೆ ಎದ್ದಲ್ಲಿ ಗುರುತು ಮಾಡಿ, ಒರೆಸಿ, ಅರದಿಂದ ಉಜ್ಜಿ ಒರಟು ಮಾಡುತ್ತಾರೆ. ಸೊಲ್ಯೂಷನ್ ಎಂದರೆ ಬೇಗ ಆವಿಯಾಗುವ ದ್ರಾವಕದಲ್ಲಿ ಕರಗಿಸಿದ ರಬ್ಬರ್. ಹಚ್ಚಿದ ಕೂಡಲೇ ಪ್ಯಾಚ್ ಒತ್ತಿದರೆ ದ್ರಾವಕ ಒಳಗೇ ಸಿಕ್ಕಿಕೊಂಡು ಅಂಟು ಬಿಟ್ಟುಕೊಳ್ಳುತ್ತದೆ. ಅದಕ್ಕೇ ಪಳಗಿದ ಕೈ ಅವಸರ ಮಾಡದೆ, ಹೊಳಪು ಆರುವವರೆಗೆ ಕಾಯುತ್ತದೆ. ಬಿಸಿ ಪ್ಯಾಚ್ ಇನ್ನೂ ಗಟ್ಟಿ. ಗಂಧಕ ಬೆರೆತ ಹಸಿ ರಬ್ಬರನ್ನು ತೂತಿನ ಮೇಲಿಟ್ಟು, ಸ್ಕ್ರೂ ತಿರುವಿ ಒತ್ತುವ ಪುಟ್ಟ ಕಬ್ಬಿಣದ ಯಂತ್ರದಲ್ಲಿ ಬಿಗಿದು ಕಾಯಿಸಿದರೆ ಪ್ಯಾಚ್ ಮತ್ತು ಟ್ಯೂಬ್ ಒಂದಾಗುತ್ತವೆ. ಗುಡ್‌ಇಯರ್ ಪೇಟೆಂಟ್ ಮಾಡಿಸಿದ ಕ್ರಿಯೆಯೇ ಇಲ್ಲಿ ಅಂಗೈಯಗಲದಲ್ಲಿ ನಡೆಯುತ್ತದೆ.

ಟ್ಯೂಬನ್ನು ಮರಳಿ ಹಾಕುವ ಮೊದಲು ಇನ್ನೊಂದು ಕೆಲಸವಿದೆ. ಟೈರಿನ ಒಳಮೈಯನ್ನು ಬೆರಳಿನಿಂದಲೋ ಬಟ್ಟೆಯಿಂದಲೋ ಸುತ್ತಲೂ ಸವರಿ ನೋಡಬೇಕು. ಜಾಲಿ ಮುಳ್ಳಿನ ತುದಿ ಮುರಿದು ರಬ್ಬರಿನಲ್ಲೇ ಉಳಿಯುವುದುಂಟು. ಅದನ್ನು ಕೀಳದೆ ಬಿಟ್ಟರೆ ಅದೇ ದಿನ ಅದೇ ಜಾಗದಲ್ಲಿ ಮತ್ತೆ ಪಂಚರ್. ಅಂಗಡಿಯವನ ಕೈಗುಣ ತಿಳಿಯುವುದು ಈ ಸವರುವಿಕೆಯಲ್ಲೇ.

ಸ್ಟೆಪ್ನಿ ಹೋದ ಮೇಲೆ

1980ರ ದಶಕದಲ್ಲಿ ಕೈನೆಟಿಕ್ ಹೋಂಡಾದೊಂದಿಗೆ ಗಿಯರಿಲ್ಲದ ಸ್ಕೂಟರ್ ಬಂತು. 2001ರಲ್ಲಿ ಬಂದ ಹೋಂಡಾ ಆಕ್ಟಿವಾ ಅದನ್ನು ಮನೆಮನೆಗೆ ತಲುಪಿಸಿತು. 2009ರಲ್ಲಿ ಬಜಾಜ್ ಸ್ಕೂಟರ್ ತಯಾರಿಕೆಯಿಂದಲೇ ಹಿಂದೆ ಸರಿಯಿತು. ಗಿಯರಿಲ್ಲದ ಗಾಡಿಯಿಂದ ಶಿಕ್ಷಕಿಯರು, ದಾದಿಯರು, ಕಾಲೇಜು ಹುಡುಗಿಯರು ರಸ್ತೆಗಿಳಿದರು. ಸೀಟಿನ ಕೆಳಗೆ ಸಾಮಾನಿಡುವ ಜಾಗವೂ ಸಿಕ್ಕಿತು. ಅದರ ಜೊತೆಗೆ ಸ್ಟೆಪ್ನಿ ಮಾಯವಾಯಿತು. ಹಿಂದಿನ ಚಕ್ರ ಬಿಚ್ಚಲು ಸೈಲೆನ್ಸರ್ ಕಳಚಬೇಕಾಗಿ ಬಂತು. ಕೆಲವು ಹೊಸ ಮಾದರಿಗಳಲ್ಲಿ ಮುಂದಿನ ಗಾಲಿ ಹನ್ನೆರಡು ಅಂಗುಲ, ಹಿಂದಿನದು ಹತ್ತು. ಒಂದೇ ಸ್ಟೆಪ್ನಿ ಎರಡಕ್ಕೂ ಹೊಂದುವುದಿಲ್ಲ. ನಡುದಾರಿಯ ಪಂಚರ್ ಪೂರ್ತಿ ಅಂಗಡಿಯ ಪಾಲಾಯಿತು.

ಇದಕ್ಕೆ ಉತ್ತರ ಟೈರಿನಲ್ಲೇ ಸಿಕ್ಕಿತು. ಅಮೆರಿಕದ ಗುಡ್‌ರಿಚ್ ಕಂಪನಿಯ ಫ್ರಾಂಕ್ ಹರ್ಜೆಗ್ ರೂಪಿಸಿದ ಟ್ಯೂಬ್‌ಲೆಸ್ ಟೈರಿಗೆ 1952ರಲ್ಲೇ ಪೇಟೆಂಟ್ ದೊರೆತಿತ್ತು. ಒಳಗೆ ಗಾಳಿ ಸೋರದ ರಬ್ಬರ್ ಪದರ, ರಿಮ್ಮಿಗೆ ಬಿಗಿಯಾಗಿ ಕಚ್ಚಿಕೊಳ್ಳುವ ಅಂಚು ಅದರ ಗುಟ್ಟು. ಟ್ಯೂಬಿಗೆ ಮೊಳೆ ಹೊಕ್ಕರೆ ಗಾಳಿ ವಾಲ್‌ನ ಸುತ್ತಲಿನ ಸಂದಿಯಿಂದ ಕ್ಷಣದಲ್ಲಿ ಹೊರಬೀಳುತ್ತದೆ. ಟ್ಯೂಬ್‌ಲೆಸ್ಸಿನಲ್ಲಿ ಹೊಕ್ಕ ಮೊಳೆಯ ಸುತ್ತ ರಬ್ಬರ್ ಬಿಗಿದುಕೊಳ್ಳುವುದರಿಂದ ಗಾಳಿ ನಿಧಾನವಾಗಿ ಇಳಿಯುತ್ತದೆ. ಊರು ಸೇರಲು ಸಮಯ ಸಿಗುತ್ತದೆ. ಇಂದು ಹೊಸ ಸ್ಕೂಟರುಗಳಲ್ಲಿ ಇದೇ ರೂಢಿ. 2020ರಲ್ಲಿ ವಿದ್ಯುತ್ ಗಾಡಿಯಾಗಿ ಮರಳಿದ ಚೇತಕ್ ಕೂಡ ಸ್ಟೆಪ್ನಿ ಇಲ್ಲದೆ ಟ್ಯೂಬ್‌ಲೆಸ್ ಟೈರಿನ ಮೇಲೆಯೇ ಬಂತು.

ಈಗ ದಾರಿಯಲ್ಲಿ ಗಾಳಿ ಹೋದರೆ

ಹಿಂದಿನ ಟೈರ್ ಇಳಿದರೆ ಗಾಡಿಯ ಹಿಂಭಾಗ ಓಲಾಡುತ್ತದೆ. ಮುಂದಿನದು ಇಳಿದರೆ ಹ್ಯಾಂಡಲ್ ಭಾರವಾಗಿ ಒಂದು ಬದಿಗೆ ಎಳೆಯುತ್ತದೆ. ಆಗ ಬ್ರೇಕನ್ನು ಗಟ್ಟಿಯಾಗಿ ಹಿಡಿಯಬಾರದು. ಎಕ್ಸಲರೇಟರ್ ಬಿಟ್ಟು, ಹ್ಯಾಂಡಲ್ ನೇರವಾಗಿ ಹಿಡಿದು, ವೇಗ ತಾನಾಗಿ ಇಳಿದ ಮೇಲೆ ಎಡಕ್ಕೆ ಸರಿದು ನಿಲ್ಲಿಸಬೇಕು. ಹಿಂದೆ ಕುಳಿತವರನ್ನು, ಹೊರೆಯನ್ನು ಇಳಿಸಬೇಕು. ಗಾಳಿಯಿಲ್ಲದ ಟೈರಿನ ಮೇಲೆ ಓಡಿಸಿದರೆ ರಿಮ್ ಟೈರಿನ ಪಕ್ಕೆಯನ್ನು ಅರೆಯುತ್ತದೆ, ಟ್ಯೂಬಿದ್ದರೆ ವಾಲ್ ಬುಡದಲ್ಲಿ ಹರಿಯುತ್ತದೆ. ಸಣ್ಣ ಪ್ಯಾಚಿನಲ್ಲಿ ಮುಗಿಯುವುದು ಹೊಸ ಟೈರಿನ ಖರ್ಚಿಗೆ ಬರುತ್ತದೆ.

ಟ್ಯೂಬ್‌ಲೆಸ್ ಆದರೆ ಕಂಡ ಮೊಳೆಯನ್ನು ಅಲ್ಲೇ ಕೀಳಬಾರದು. ದುರಸ್ತಿಯ ಸಾಮಾನು ಕೈಗೆ ಬಂದ ಮೇಲೆಯೇ ಕಿತ್ತು, ತೂತನ್ನು ಅರದಿಂದ ಸಮ ಮಾಡಿ, ಸೊಲ್ಯೂಷನ್ ಹಚ್ಚಿದ ಅಂಟು ಪಟ್ಟಿಯನ್ನು ಸೂಜಿಗೆ ಪೋಣಿಸಿ ಒಳಕ್ಕೆ ದೂಡಿ, ಹೊರಗೆ ಉಳಿದದ್ದನ್ನು ಕತ್ತರಿಸಬೇಕು. ಹವಾ ತುಂಬಿ ಸಾಬೂನು ನೀರು ಹಚ್ಚಿ ಗುಳ್ಳೆ ಏಳುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಇದು ನೆಲಕ್ಕೆ ತಾಗುವ ಭಾಗದ ಸಣ್ಣ ತೂತಿಗೆ ಮಾತ್ರ. ಪಕ್ಕೆ ಹರಿದ ಟೈರನ್ನು ಬದಲಿಸಲೇಬೇಕು. ದೊಡ್ಡ ತೂತು ಬಿದ್ದ ಟೈರಿಗೆ ಅಂಗಡಿಯಲ್ಲಿ ಒಳಗಿನಿಂದ ಪ್ಯಾಚ್ ಹಾಕಿಸುವುದು ಲೇಸು.

ಹವಾ ಅಳತೆಯೂ ಪಂಚರಿನಷ್ಟೇ ಮುಖ್ಯ. ಆಕ್ಟಿವಾದಂಥ ಸ್ಕೂಟರಿಗೆ ಮುಂದೆ 22, ಒಬ್ಬರೇ ಕುಳಿತರೆ ಹಿಂದೆ 29, ಇಬ್ಬರಾದರೆ 36 ಪಿಎಸ್‌ಐ ಎಂದು ತಯಾರಕರು ಸೂಚಿಸುತ್ತಾರೆ. ಗಾಲಿ ತಣ್ಣಗಿರುವಾಗ ಅಳೆಯಬೇಕು. ಓಡಿ ಬಂದ ಟೈರಿನೊಳಗಿನ ಗಾಳಿ ಕಾದು ಅಂಕಿಯನ್ನು ಹೆಚ್ಚು ತೋರಿಸುತ್ತದೆ. ವಾರಕ್ಕೊಮ್ಮೆ ಈ ಅಳತೆ ನೋಡಿ, ಗೀರುಗಳ ನಡುವೆ ಸಿಕ್ಕ ಮುಳ್ಳು ಕಲ್ಲುಗಳನ್ನು ತೆಗೆದು, ಗೀರು ಸವೆದ ಟೈರನ್ನು ತಡಮಾಡದೆ ಬದಲಿಸುವ ಸವಾರನಿಗೆ ಪಂಚರಿನ ಕಾಟ ಬಹುಪಾಲು ತಪ್ಪುತ್ತದೆ.